ಹ್ಯಾಂಡಲ್ ಬಿಡದೆ ಗೇರು ಬದಲಿಸುವುದು

ಕಳೆದ ಕೆಲವು ವರ್ಷಗಳಿಂದ ನಮ್ಮ ತಾಳಮಲೆಯ ಸೀಮೆಯಲ್ಲಿ ಬಾಗಿದ ಹ್ಯಾಂಡಲಿನ, ತೆಳುಗಾಲಿಯ ಗೇರಿನ ಸೈಕಲ್ಲುಗಳು ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳತೊಡಗಿವೆ. ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಓದುವ, ದುಡಿಯುವ ತರುಣರು ಅವನ್ನು ಕೊಂಡು ತರುತ್ತಾರೆ. ಹೊಸದು ಕೈಗೆಟುಕದವರು ಇನ್ನೊಬ್ಬರು ಓಡಿಸಿ ಬಿಟ್ಟದ್ದನ್ನು ತರುತ್ತಾರೆ. ಇಂಥ ಒಬ್ಬ ತರುಣನ ತಂದೆ, ಕೋಸು ಮತ್ತು ಮೆಕ್ಕೆಜೋಳ ಬೆಳೆಯುವ ಸಣ್ಣ ಹಿಡುವಳಿದಾರರು, ಕಳೆದ ತಿಂಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಮಗನ ಸೈಕಲ್ಲಿನಲ್ಲಿ ಗೇರು ಬದಲಿಸುವ ಲಿವರು ಹ್ಯಾಂಡಲಿನ ನಡುಮಧ್ಯದಲ್ಲಿ, ಸ್ಟೆಮ್ಮಿನ ಬಳಿ ಇದೆ. ಅದನ್ನು ತೆಗೆಸಿ, ಬ್ರೇಕಿನ ಲಿವರಿನಲ್ಲಿಯೇ ಗೇರು ಅಡಗಿರುವ ಹೊಸ ಜೋಡಿಯನ್ನು ಹಾಕಿಸಬೇಕೆಂದು ಮಗ ಹಟ ಹಿಡಿದಿದ್ದಾನೆ. ಅಂಗಡಿಯವರು ಹೇಳಿದ ಬೆಲೆಯೋ, ಆ ಹಳೆಯ ಸೈಕಲ್ಲಿಗೆ ಕೊಟ್ಟ ಹಣದ ಅರ್ಧಕ್ಕೂ ಮಿಗಿಲು. "ಮೇಷ್ಟ್ರೇ, ಇದು ಶೋಕಿನೋ ಬೇಕಾದ್ದೋ, ನೀವೇ ಹೇಳ್ಬುಡಿ" ಎಂದರು.

ಗಡಿಯಾಚೆಯ ನಮ್ಮ ಕುಟುಂಬಗಳಲ್ಲಿ ಇಂಥ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಎದ್ದಿರಬಹುದಾದ್ದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಶೋಕಿ ಎಂದು ತಳ್ಳಿಹಾಕುವ ಮುನ್ನ ಆ ಹುಡುಗ ಓಡಾಡುವ ದಾರಿಯನ್ನು ನೋಡಬೇಕು. ತಾಳವಾಡಿಯವರಿಗೆ ಚಾಮರಾಜನಗರವೇ ಹತ್ತಿರವಾದರೂ, ನಮ್ಮ ಜಿಲ್ಲೆ ಈರೋಡು. ಕಚೇರಿ, ಕೋರ್ಟು, ಎಷ್ಟೋ ಜನರ ಉದ್ಯೋಗ ಎಲ್ಲವೂ ಘಟ್ಟದ ಕೆಳಗೆ. ಈ ಹುಡುಗ ಸತ್ಯಮಂಗಲದಲ್ಲಿ ಕೆಲಸದಲ್ಲಿದ್ದಾನೆ, ವಾರದ ರಜೆಗೆ ಸೈಕಲ್ಲಿನಲ್ಲಿಯೇ ಮನೆಗೆ ಬರುತ್ತಾನೆ. ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವುಗಳು. ತಮಿಳುನಾಡನ್ನೂ ಕರ್ನಾಟಕವನ್ನೂ ಜೋಡಿಸುವ ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ಲಾರಿಗಳಿಗೆ ಬರವಿಲ್ಲ. ತಿರುವಿನಲ್ಲಿ ಉದ್ದನೆಯ ಲಾರಿಯೊಂದು ಹೊರಳಬೇಕಾದರೆ ರಸ್ತೆಯ ಪೂರ್ಣ ಅಗಲವನ್ನೂ ಆಕ್ರಮಿಸುತ್ತದೆ. ದಿಂಬಂ ದಾಟಿದ ಮೇಲೆ ತಾಳಮಲೆಯ ಕಡೆಗೂ ಹಾಸನೂರಿನ ಕಡೆಗೂ ಕಾಡಿನ ದಾರಿ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯದಲ್ಲಿ, ಕಬ್ಬಿನ ಲಾರಿಯ ವಾಸನೆ ಹಿಡಿದು ಆನೆ ರಸ್ತೆಗೆ ಬಂದು ನಿಲ್ಲುವುದನ್ನು ನಮ್ಮವರು ಎಷ್ಟು ಬಾರಿ ಕಂಡಿಲ್ಲ! ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಿಂದ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಸೈಕಲ್ಲಿನವರಂತೂ ಬೆಳಕಿರುವಾಗಲೇ ದಾಟತಕ್ಕದ್ದು.

ಇಂಥ ದಾರಿಯಲ್ಲಿ ಗೇರು ಬದಲಿಸಲೆಂದು ಒಂದು ಕೈಯನ್ನು ಹ್ಯಾಂಡಲಿನಿಂದ ತೆಗೆಯುವುದೆಂದರೇನು? ಏರುವಾಗ ತಿರುವಿನ ಒಳಮಗ್ಗುಲು ಥಟ್ಟನೆ ಕಡಿದಾಗುತ್ತದೆ. ಹಗುರ ಗೇರು ಬೇಕಾಗುವುದು ಆ ಕ್ಷಣದಲ್ಲಿಯೇ. ವೇಗ ತೀರ ಕಡಿಮೆಯಿರುವಾಗ ಮುಂಗಾಲಿ ಒಂದೇ ಕೈಯ ಹಿಡಿತದಲ್ಲಿ ಅತ್ತಿತ್ತ ಹೊಯ್ದಾಡುತ್ತದೆ; ಹಿಂದೆ ಲಾರಿ ಹಾರನ್ನು ಹೊಡೆಯುತ್ತಿರುತ್ತದೆ. ಇಳಿಯುವಾಗ ಎರಡು ಕೈಗಳೂ ಬ್ರೇಕಿನ ಮೇಲೆಯೇ ಇರಬೇಕು. ಆದ್ದರಿಂದ ಹುಡುಗನ ಬೇಡಿಕೆಯಲ್ಲಿ ನ್ಯಾಯವಿದೆಯೆಂದೇ ನಮ್ಮ ಅಭಿಪ್ರಾಯ. ಆದರೆ ನ್ಯಾಯವಾದ ಬೇಡಿಕೆಗಳೆಲ್ಲ ಒಂದೇ ದಿನ ಈಡೇರತಕ್ಕವಲ್ಲವೆಂಬುದನ್ನು ಒಕ್ಕಲುತನದ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಸೈಕಲ್ಲಿಗೆ ಗೇರೇ ಬೇಡವೆಂಬ ವಾದವೂ ಒಂದು ಕಾಲಕ್ಕಿತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಊರಿನ ಪಾಲ್ ದ ವಿವಿ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಬೆಟ್ಟವೇರಲು ಹಲವು ಗೇರು ಬೇಕೇ ಬೇಕೆಂದು ಬದುಕಿನುದ್ದಕ್ಕೂ ವಾದಿಸಿದರು. ಆದರೂ ಟೂರ್ ದ ಫ್ರಾನ್ಸ್ ಎಂಬ ಪ್ರಸಿದ್ಧ ಪಂದ್ಯದಲ್ಲಿ ಡಿರೇಲರಿಗೆ ಅನುಮತಿ ದೊರೆತದ್ದು 1937ರಲ್ಲಿ. ಆಮೇಲೂ ದಶಕಗಳ ಕಾಲ ಪಂದ್ಯದ ಸೈಕಲ್ಲುಗಳಲ್ಲಿ ಲಿವರು ಕಾಲುಗಳ ನಡುವಿನ ಓರೆ ಕೊಳವೆಯ ಮೇಲಿರುತ್ತಿತ್ತು. ಸವಾರನು ಬಗ್ಗಿ, ಅಂದಾಜಿನಿಂದ ಎಳೆಯಬೇಕಾಗಿತ್ತು. ಒಂದು ಗೇರಿಗೆ ಒಂದು 'ಟಿಕ್' ಎಂಬ ನಿಖರ ವ್ಯವಸ್ಥೆಯನ್ನು ಜಪಾನಿನ ಷಿಮಾನೋ ಸಂಸ್ಥೆಯವರು ತಮ್ಮ ಮೇಲ್ದರ್ಜೆಯ ಪಂದ್ಯದ ಸಾಮಾನುಗಳಲ್ಲಿ 1984ರಲ್ಲಿ ತಂದರು. ಅದೇ ಟಿಕ್ಕನ್ನು ಬ್ರೇಕಿನ ಲಿವರಿನೊಳಕ್ಕೆ ಸೇರಿಸಿದ್ದು 1990ರಲ್ಲಿ. ನಮ್ಮ ಹುಡುಗ ಕೇಳುತ್ತಿರುವುದು ಇದನ್ನೇ.

ನಮ್ಮ ಕಡೆ ಇಷ್ಟೆಲ್ಲ ಇತಿಹಾಸಕ್ಕೆ ಎಡೆಯೇ ಇರಲಿಲ್ಲವೆನ್ನಿ. 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್‌ನವರ ಹರ್ಕ್ಯುಲಿಸ್ಸಿರಲಿ, ಲೂಧಿಯಾನದ ಹೀರೋ ಇರಲಿ, ಹಾಲಿನ ಕ್ಯಾನು ಹೊತ್ತ ಕಪ್ಪು ಸೈಕಲ್ಲಿಗೆ ಒಂದೇ ಗೇರು. ಏರು ಬಂದರೆ ಇಳಿದು ತಳ್ಳುವುದು. ತಮಿಳುನಾಡು ಸರಕಾರವು ಹನ್ನೊಂದನೆಯ ತರಗತಿಯ ಮಕ್ಕಳಿಗೆಂದು ಆರಂಭಿಸಿದ ಉಚಿತ ಸೈಕಲ್ಲಾಗಲಿ, ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಗೆ ಆರಂಭವಾದದ್ದಾಗಲಿ, ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡಂಥವು. ಮಲೆಯ ಮಕ್ಕಳು ಅವನ್ನು ಹತ್ತುವುದಕ್ಕಿಂತ ತಳ್ಳುವುದೇ ಹೆಚ್ಚು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರೊಂದು ಲಿವರನ್ನು ತಂದು ಸಿಕ್ಕಿಸಿದ ಮಾತ್ರಕ್ಕೆ ಗೇರು ಬೀಳುವುದಿಲ್ಲ. ಏಕೆಂಬುದು ಒಂದು ಗುಣಾಕಾರದಿಂದ ತಿಳಿಯುತ್ತದೆ. ಲಿವರಿನ ಒಂದು ಟಿಕ್ಕು ಕೇಬಲ್ಲನ್ನು ಇಷ್ಟು ಮಿಲಿಮೀಟರೆಂದು ಎಳೆಯುತ್ತದೆ. ಹಿಂದಿನ ಡಿರೇಲರು ಆ ಎಳೆತವನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಹಿಗ್ಗಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಷಿಮಾನೋದ ರಸ್ತೆ ಸೈಕಲ್ಲಿನ 7, 8 ಮತ್ತು 9 ಗೇರಿನ ಡಿರೇಲರುಗಳಲ್ಲಿ ಈ ಪ್ರಮಾಣ ಸುಮಾರು 1.7. ಎಂಟು ಗೇರಿನ ಲಿವರು ಒಂದು ಟಿಕ್ಕಿಗೆ ಎಳೆಯುವುದು 2.8 ಮಿಲಿಮೀಟರು, 1.7ರಿಂದ ಗುಣಿಸಿದರೆ 4.76. ಎಂಟು ಚಕ್ರಗಳ ಹಿಂಗಟ್ಟಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವ ಅಂತರ 4.8. ಲೆಕ್ಕ ಕೂಡಿಬಂತು.

ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಿಂದೆ ಇರುವುದು ಏಳು ಚಕ್ರ. ಅವುಗಳ ಅಂತರ 5 ಮಿಲಿಮೀಟರು. ಎಂಟರ ಲಿವರನ್ನು ಏಳರ ಹಿಂಗಟ್ಟಿಗೆ ಹಾಕಿದರೆ ಒಂದು ಹೆಜ್ಜೆಗೆ ಕಾಲು ಮಿಲಿಮೀಟರಿನಷ್ಟು ಕೊರತೆ ಬೀಳುತ್ತದೆ. ಒಂದು ತುದಿಯಿಂದ ಸರಿಹೊಂದಿಸುತ್ತ ಬಂದರೆ ಇನ್ನೊಂದು ತುದಿಯಲ್ಲಿ ಕೊರತೆ ಒಟ್ಟಾಗಿ ಒಂದೂವರೆ ಮಿಲಿಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಆದರೆ ನಡುವಿನ, ಎಂದರೆ ನಾಲ್ಕನೆಯ ಚಕ್ರದಲ್ಲಿ ಚೈನನ್ನು ನೇರವಾಗಿ ನಿಲ್ಲಿಸಿ ಕೇಬಲ್ಲು ಬಿಗಿದರೆ, ಎರಡು ಕಡೆಗೂ ಮೂರು ಮೂರು ಹೆಜ್ಜೆ. ತುದಿಯಲ್ಲಿ ಉಳಿಯುವ ವ್ಯತ್ಯಾಸ ಸುಮಾರು 0.7. ಡಿರೇಲರಿನ ಮೇಲಿನ ಪುಟ್ಟ ಗಾಲಿಗೆ ಪಕ್ಕಕ್ಕೆ ಸ್ವಲ್ಪ ಸಡಿಲವನ್ನು ತಯಾರಕರೇ ಇಟ್ಟಿರುವುದರಿಂದ ಇಷ್ಟನ್ನು ಅದು ನುಂಗಿಕೊಳ್ಳುತ್ತದೆ. ಹೀಗೆ ಎಂಟರ ಲಿವರು ಏಳರ ಸೈಕಲ್ಲಿನಲ್ಲಿ ನಡೆಯುತ್ತದೆ. ಒಂದು ಟಿಕ್ಕು ಸುಮ್ಮನೆ ಉಳಿಯುತ್ತದೆ, ಅಷ್ಟೇ. ಒಂಬತ್ತರದು ನಡೆಯದು: ಅದರ ಹೆಜ್ಜೆ 4.25, ಕೊರತೆ ಮುಕ್ಕಾಲು ಮಿಲಿಮೀಟರು, ಮೂರು ಹೆಜ್ಜೆಗೆ ಎರಡೂಕಾಲು. ಚೈನು ಎರಡು ಚಕ್ರಗಳ ನಡುವೆ ಕಟಕಟನೆ ಒದ್ದಾಡುತ್ತದೆ.

ಏಳರ ಸೈಕಲ್ಲಿಗೆ ಏಳರದೇ ಲಿವರು ಸಿಗುವುದಿಲ್ಲವೆ? ಸಿಗುತ್ತದೆ. ಷಿಮಾನೋದ ಟೂರ್ನಿ ಎಂಬ ಕೆಳದರ್ಜೆಯ ಸಾಲಿನಲ್ಲಿ ಬ್ರೇಕು-ಗೇರು ಕೂಡಿದ ಜೋಡಿಯನ್ನು ಮಾಡಿದ್ದಾರೆ. ಆದರೆ ಅದರಲ್ಲಿ ಒಂದು ದಿಕ್ಕಿನ ಬದಲಾವಣೆಗೆ ಹೆಬ್ಬೆರಳಿನಿಂದ ಒತ್ತುವ ಗುಂಡಿಯಿದೆ. ಹ್ಯಾಂಡಲಿನ ಬಾಗಿದ ಕೆಳಭಾಗವನ್ನು ಹಿಡಿದು ಇಳಿಯುವವನಿಗೆ ಅದು ಎಟುಕುವುದು ಕಷ್ಟ. ಘಟ್ಟದವರಿಗೆ ಕ್ಲಾರಿಸ್ ಎಂಬ ಎಂಟರ ಜೋಡಿಯೇ ಮೇಲು. ತೈವಾನಿನ ಮೈಕ್ರೋಶಿಫ್ಟ್ ಸಂಸ್ಥೆಯವರೂ ಷಿಮಾನೋಕ್ಕೆ ಹೊಂದುವ ಎಂಟರ ಲಿವರನ್ನು ಮಾಡುತ್ತಾರೆ. 2023ರಲ್ಲಿ ಷಿಮಾನೋದವರು ಕ್ಯೂಸ್ ಎಂಬ ಹೊಸ ಶ್ರೇಣಿಯನ್ನು ಹೊರತಂದಿದ್ದಾರೆ. ಅದರ ಎಳೆತದ ಲೆಕ್ಕವೇ ಬೇರೆಯಾದ್ದರಿಂದ, ಹೊಸದೆಂಬ ಮೋಹಕ್ಕೆ ಅದನ್ನು ತಂದು ಹಳೆಯ ಡಿರೇಲರಿಗೆ ಕಟ್ಟಬಾರದು.

ಮುಂದಿನ ಪೆಡಲಿನ ಬಳಿ ಒಂದೇ ಹಲ್ಲುಚಕ್ರವಿರುವ ಸೈಕಲ್ಲಾದರೆ ಖರ್ಚು ಅರ್ಧಕ್ಕೆ ಇಳಿಯುವ ದಾರಿಯೊಂದುಂಟು. ಎಡಗೈಗೆ ಗೇರಿನ ಕೆಲಸವೇ ಇಲ್ಲದ್ದರಿಂದ ಬಲಗಡೆಯ ಲಿವರನ್ನಷ್ಟೇ ಬಿಡಿಯಾಗಿ ಕೊಂಡು, ಎಡಗಡೆ ಹಳೆಯ ಬ್ರೇಕ್ ಲಿವರನ್ನೇ ಉಳಿಸಿಕೊಳ್ಳಬಹುದು. ಎರಡರ ಆಕಾರ ಒಂದೇ ಆಗಿರುವುದಿಲ್ಲ. ನೋಡುವವರ ಕಣ್ಣಿಗೆ ಚೆನ್ನಲ್ಲ. ನಮ್ಮ ದಾರಿಯಲ್ಲಿ ನೋಡುವವರು ಮಂಗಗಳೇ ಹೆಚ್ಚು.

ಇದಕ್ಕೂ ಅಗ್ಗದ ಉಪಾಯವೆಂದರೆ ಹ್ಯಾಂಡಲಿನ ತುದಿಯ ತೂತಿನಲ್ಲಿ ಕೂರುವ ಬಾರ್-ಎಂಡ್ ಶಿಫ್ಟರು. ಬ್ರೇಕಿನ ಲಿವರುಗಳನ್ನು ಮುಟ್ಟಬೇಕಾಗಿಲ್ಲ. ಕೈ ಕೆಳಕ್ಕೆ ಜಾರಬೇಕಾದರೂ ಹ್ಯಾಂಡಲನ್ನು ಬಿಡಬೇಕಾಗಿಲ್ಲ. ಕೆಡುವ ಭಾಗಗಳೂ ಕಡಿಮೆ. ನೇರ ಹ್ಯಾಂಡಲಿನ ಸೈಕಲ್ಲಿನ ಶಿಫ್ಟರನ್ನು ತಂದು ಬಾಗಿದ ಹ್ಯಾಂಡಲಿಗೆ ಹಾಕಲು ಹೊರಡುವವರಿದ್ದಾರೆ. ಅದು ಕೂರುವುದಿಲ್ಲ. ನೇರ ಕೊಳವೆಯ ದಪ್ಪ 22.2 ಮಿಲಿಮೀಟರು, ಬಾಗಿದ್ದು 23.8.

ಎಲ್ಲಕ್ಕಿಂತ ಗಂಭೀರವಾದ ಮಾತು ಬ್ರೇಕಿನದು. ರಸ್ತೆ ಸೈಕಲ್ಲಿನ ಕೂಡುಲಿವರು ಬ್ರೇಕಿನ ಕೇಬಲ್ಲನ್ನು ಸ್ವಲ್ಪವೇ ಎಳೆಯುತ್ತದೆ. ಕ್ಯಾಲಿಪರ್ ಬ್ರೇಕಿಗೂ ರಸ್ತೆ ಸೈಕಲ್ಲಿನ ಡಿಸ್ಕಿಗೂ ಅಷ್ಟು ಸಾಕು. ಉದ್ದ ತೋಳಿನ ವಿ-ಬ್ರೇಕಿಗೆ ಅದರ ಸುಮಾರು ಎರಡರಷ್ಟು ಎಳೆತ ಬೇಕು. ವಿ-ಬ್ರೇಕಿಗೆ ಈ ಲಿವರನ್ನು ಕಟ್ಟಿದರೆ ಮನೆಯ ಮುಂದಿನ ಅಂಗಳದಲ್ಲಿ ಸೈಕಲ್ಲು ನಿಂತೀತು. ದಿಂಬಂ ಇಳಿಜಾರಿನಲ್ಲಿ ಲಿವರು ಹ್ಯಾಂಡಲಿಗೆ ತಾಗಿದರೂ ರಬ್ಬರು ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಅಂಥ ಸೈಕಲ್ಲಿನವರು ಈ ಬದಲಾವಣೆಯ ಆಸೆಯನ್ನೇ ಬಿಡುವುದು ಕ್ಷೇಮ.

ಹಾಗಾದರೆ ಆ ತಂದೆಗೆ ನಾವು ಹೇಳಿದ್ದೇನು? ಮೊದಲು ಖರ್ಚು ಮಾಡಬೇಕಾದದ್ದು ಬ್ರೇಕಿನ ರಬ್ಬರು, ಎರಡು ಟೈರು ಮತ್ತು ಎಲ್ಲ ಕೇಬಲ್ಲುಗಳಿಗೆ. ಮಳೆಯಲ್ಲಿ ನೆನೆದ ಸೈಕಲ್ಲಿನ ಕೇಬಲ್ಲು ಹೊದಿಕೆಯೊಳಗೇ ತುಕ್ಕು ಹಿಡಿದು ಬಿಗಿಯುತ್ತದೆ. ಗೇರು ಸರಿಯಾಗಿ ಬೀಳದಿದ್ದರೆ ಹತ್ತರಲ್ಲಿ ಅರ್ಧ ಪಾಲು ತಪ್ಪು ಅದರದೇ, ಲಿವರಿನದಲ್ಲ. ಎರಡನೆಯದು, ಹುಡುಗನಿಗೆ ಏರಿನಲ್ಲಿ ಉಸಿರು ಕಟ್ಟುತ್ತಿರುವುದೇ ನಿಜವಾದ ತೊಂದರೆಯಾದರೆ ಹಿಂದೆ ದೊಡ್ಡ ಚಕ್ರವಿರುವ ಫ್ರೀವೀಲನ್ನು ಹಾಕಿಸುವುದು. ಮುಂದೆ 34 ಹಲ್ಲು, ಹಿಂದೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿ ಒಂದೂಕಾಲಿಗೆ ತುಸು ಕಡಿಮೆ ಸುತ್ತುತ್ತದೆ; ಹಿಂದೆಯೂ 34 ಆದರೆ ಸರಿಯಾಗಿ ಒಂದೇ ಸುತ್ತು. ಮೊಣಕಾಲಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಡಿರೇಲರಿನ ತೋಳು ಅಷ್ಟು ದೊಡ್ಡ ಚಕ್ರಕ್ಕೆ ಸಾಲುತ್ತದೆಯೇ ಎಂಬುದನ್ನು ಮಾತ್ರ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಲಿವರಿನ ಸರದಿ ಮೂರನೆಯದು, ಕೋಸಿನ ಹಣ ಕೈಸೇರಿದ ಮೇಲೆ.

ಅಷ್ಟರಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಿ ನೋಡುವಂತೆ ಹೇಳಿದೆವು. ಲಿವರು, ಕೇಬಲ್ಲು, ಹ್ಯಾಂಡಲ್ ಪಟ್ಟಿ, ಕೂಲಿ ಎಲ್ಲ ಸೇರಿ ಸೈಕಲ್ಲಿನ ಅರ್ಧ ಬೆಲೆಯನ್ನು ಮೀರುವುದಾದರೆ, ಇದನ್ನು ಮಾರಿ, ಕೂಡುಲಿವರು ಮೊದಲೇ ಇರುವ ಹಳೆಯ ಸೈಕಲ್ಲೊಂದನ್ನು ಕೊಳ್ಳುವುದು ಅನೇಕ ವೇಳೆ ಲಾಭಕರ. ಅಂಥದರಲ್ಲಿ ಗಾಲಿ, ಡಿರೇಲರು, ಬ್ರೇಕುಗಳೂ ಒಂದು ಮೆಟ್ಟಿಲು ಮೇಲಿರುತ್ತವೆ. ತಂದೆಗೆ ಈ ಮಾತು ಹಿಡಿಸಿತು. ಮಗನಿಗೆ ಹಿಡಿಸಲಿಲ್ಲ. ತನ್ನ ಎತ್ತರಕ್ಕೆ ಸರಿಹೊಂದುವ ಚೌಕಟ್ಟು ಮತ್ತೆ ಸಿಕ್ಕೀತೆಂಬ ಭರವಸೆ ಏನು ಎಂದು ಕೇಳಿದ. ಅದು ತೆಗೆದುಹಾಕುವ ಮಾತಲ್ಲ. ಕೊನೆಗೆ, ಮುಂದೆ ಒಂದೇ ಚಕ್ರವಿದ್ದುದರಿಂದ ಬಲಗಡೆಯ ಲಿವರೊಂದನ್ನೇ ತರುವುದೆಂದು ತಂದೆಮಕ್ಕಳು ತೀರ್ಮಾನಿಸಿಕೊಂಡರು. ರಬ್ಬರು, ಕೇಬಲ್ಲುಗಳು ಆ ವಾರವೇ ಬಂದವು.

ಕೊಳ್ಳಲು ಹೋಗುವವರು ಒಂದು ಚೀಟಿಯನ್ನು ಜೊತೆಗೊಯ್ಯಬೇಕು. ಹಿಂದಿನ ಚಕ್ರಗಳೆಷ್ಟು, ಮುಂದಿನವೆಷ್ಟು, ಬ್ರೇಕಿನ ಬಗೆ ಯಾವುದು, ಡಿರೇಲರಿನ ಒಳಮಗ್ಗುಲಲ್ಲಿ ಕೊರೆದಿರುವ ಅಕ್ಷರ ಮತ್ತು ಅಂಕಿಗಳೇನು ಎಂಬುದನ್ನು ಕಂಡಂತೆಯೇ ಬರೆದುಕೊಳ್ಳಬೇಕು. ಕೊಯಮತ್ತೂರಿನ ಅಂಗಡಿಯಲ್ಲಿ ತಮಿಳಿನಲ್ಲಿಯೂ ಮೈಸೂರಿನ ಅಂಗಡಿಯಲ್ಲಿ ಕನ್ನಡದಲ್ಲಿಯೂ ವಿವರಿಸಿ ಸೋಲುವ ವಿಷಯವನ್ನು ಆ ಅಂಕಿ ಒಂದೇ ಹೇಳಿಬಿಡುತ್ತದೆ.

ಜೋಡಿಸುವ ಕೆಲಸವನ್ನು ನಮ್ಮೂರಿನ ಸೈಕಲ್ ಷಾಪಿನಲ್ಲಿಯೇ ಮಾಡಿಸಬಹುದು. ಒಂದು ವಿಷಯದಲ್ಲಿ ಮಾತ್ರ ಪಕ್ಕದಲ್ಲಿ ನಿಂತು ನೋಡತಕ್ಕದ್ದು. ಗೇರಿನ ಕೇಬಲ್ಲಿನ ಹೊದಿಕೆಯೊಳಗೆ ಉಕ್ಕಿನ ಎಳೆಗಳು ಉದ್ದಕ್ಕೆ ಹಾದಿರುತ್ತವೆ, ಬ್ರೇಕಿನದರಲ್ಲಿ ಸುರುಳಿಯಾಗಿ ಸುತ್ತಿರುತ್ತವೆ. ಹೊರಗಿನಿಂದ ಎರಡೂ ಒಂದೇ ಬಗೆಯ ಕಪ್ಪು ಕೊಳವೆ. ಗೇರಿನ ಹೊದಿಕೆಯ ತುಂಡನ್ನು ಬ್ರೇಕಿಗೆ ಹಾಕಿದರೆ ಬಲವಾಗಿ ಹಿಡಿದಾಗ ಅದು ಸಿಡಿದು ಬ್ರೇಕು ಇಲ್ಲವಾಗಬಹುದು. ಕತ್ತರಿಸಿದ ತುದಿಯನ್ನು ನೋಡಿದರೆ ಯಾವುದೆಂದು ತಕ್ಷಣ ತಿಳಿಯುತ್ತದೆ. ಹೊಸ ಕೇಬಲ್ಲು ಕೆಲವು ದಿನಗಳಲ್ಲಿ ತುಸು ಸಡಿಲಗೊಂಡು ಗೇರು ತಡವರಿಸುತ್ತದೆ. ಡಿರೇಲರಿಗೆ ಕೇಬಲ್ಲು ಪ್ರವೇಶಿಸುವಲ್ಲಿರುವ ಬಿರಡೆಯನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದರೆ ಸರಿಹೋಗುತ್ತದೆ, ಮತ್ತೆ ಷಾಪಿಗೆ ಒಯ್ಯಬೇಕಾಗಿಲ್ಲ. ಹ್ಯಾಂಡಲಿನ ಪಟ್ಟಿಯನ್ನು ಕೆಳತುದಿಯಿಂದ ಮೇಲಕ್ಕೆ ಸುತ್ತಿಸಬೇಕು. ಮೇಲಿನಿಂದ ಸುತ್ತಿದರೆ ಇಳಿಜಾರಿನಲ್ಲಿ ಅಂಗೈ ಒತ್ತಿದಂತೆಲ್ಲ ಅಂಚು ಮಡಚಿಕೊಳ್ಳುತ್ತದೆ. ಮೊದಲ ಪರೀಕ್ಷೆ ಘಟ್ಟದಲ್ಲಿ ಬೇಡ. ತಾಳವಾಡಿಯ ಸಮತಟ್ಟು ರಸ್ತೆಯಲ್ಲಿ, ಎರಡು ಬ್ರೇಕುಗಳನ್ನೂ ಬೇರೆಬೇರೆಯಾಗಿ ಹಿಡಿದು ನೋಡಿದ ಮೇಲೆ, ಏಳೂ ಗೇರುಗಳನ್ನು ಹತ್ತಿಸಿ ಇಳಿಸಿ ನೋಡುವುದು.