ಒಂಟೆ, ಪುದೀನಾ ಚಹಾ ಮತ್ತು ನಾಲ್ಕು ದಿನದ ಮೊರಾಕೊ

ಯುರೋಪಿನಲ್ಲಿ ಎಂ.ಎಸ್. ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ರಜೆಯಲ್ಲಿ ಮೊರಾಕೊ ಸುತ್ತಿ ಬಂದು ಬರೆಯುವ ಅನುಭವಗಳನ್ನು ನಾನು ಬಿಡದೆ ಓದುತ್ತೇನೆ. ಹತ್ತಾದರೂ ಓದಿರಬೇಕು. ಹನ್ನೊಂದನೆಯದನ್ನು ಓದದೆಯೇ ಹೇಳಬಲ್ಲೆ, ಕೇಳಿ. ಅಗ್ಗದ ವಿಮಾನದ ಟಿಕೆಟ್ ಸಿಕ್ತು. ಮರಾಕೇಶ್‌ನಲ್ಲಿ ಇಳಿದ ತಕ್ಷಣ ಬಿಸಿಗಾಳಿ ಮುಖಕ್ಕೆ ಬಡಿಯಿತು. ಹಳೇ ಪೇಟೆಯ ಓಣಿಗಳಲ್ಲಿ ದಾರಿ ತಪ್ಪಿತು. ಯಾವನೋ ಹುಡುಗ ದಾರಿ ತೋರಿಸಿ ಇಪ್ಪತ್ತು ದಿರ್ಹಮ್ ಕಿತ್ತುಕೊಂಡ. ಚೌಕದಲ್ಲಿ ಹಾವಾಡಿಗರು, ಮಸಾಲೆ ರಾಶಿ, ಕತ್ತೆ ಗಾಡಿ. ಇಂಡಿಯಾ ಅಂದ ಕೂಡಲೇ ಅಂಗಡಿಯವನು ಶಾರುಖ್ ಖಾನ್ ಅಂದ. ಆಮೇಲೆ ಒಂಟೆ, ಮರಳು, ನಕ್ಷತ್ರ, ಪುದೀನಾ ಚಹಾ. ಕಟ್ಟಕಡೆಗೆ, ತಪ್ಪದೆ, ಈ ವಾಕ್ಯ: ಇಲ್ಲಿ ಕಾಲ ನಿಂತುಬಿಟ್ಟಿದೆ.

ಒಂಟೆಯ ಬಗ್ಗೆ ನನಗೆ ತಕರಾರಿಲ್ಲ. ದುಡ್ಡು ಕೊಟ್ಟಿದ್ದೀರಿ, ಹತ್ತಿ. ನನ್ನ ಜಗಳ ಇರೋದು ಆ ಕೊನೆಯ ವಾಕ್ಯದ ಜೊತೆ, ಅದನ್ನು ಬರೆಯೋಕೆ ನಾಲ್ಕು ದಿನ ಸಾಕು ಅನ್ನೋ ಧೈರ್ಯದ ಜೊತೆ.

ನಾನು ಸಾಫ್ಟ್‌ವೇರ್ ಪ್ರಾಜೆಕ್ಟ್ ಒಂದರ ಕೆಲಸಕ್ಕೆ ಕಾಸಾಬ್ಲಾಂಕಾದಲ್ಲಿ ಮೂರು ತಿಂಗಳು ಇದ್ದೆ. ಮೂರು ತಿಂಗಳಿಗೆ ಒಂದು ದೇಶ ಅರ್ಥವಾಗುತ್ತೆ ಅಂತ ನಾನೂ ಹೇಳೋದಿಲ್ಲ. ಆದರೆ ಬೆಳಿಗ್ಗೆ ಟ್ರಾಮ್ ಹತ್ತಿ ಆಫೀಸಿಗೆ ಹೋಗಿ, ಶುಕ್ರವಾರ ಎಲ್ಲರ ಜೊತೆ ಕುಸ್‌ಕುಸ್ ತಿಂದು, ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸಿದವನಿಗೆ ಕಾಲ ನಿಂತ ಹಾಗೇನೂ ಕಾಣಲಿಲ್ಲ. ಅಲ್ಲಿನವರು ನಮ್ಮ ಬೆಂಗಳೂರಿನವರ ಹಾಗೇ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆ ಫೀಸು, ಟ್ರಾಫಿಕ್ಕು ಅಂತ ಒದ್ದಾಡುತ್ತಿದ್ದರು. ಟ್ಯಾಂಜಿಯರ್‌ನಿಂದ ಕಾಸಾಬ್ಲಾಂಕಾಕ್ಕೆ 2018ರ ನವೆಂಬರಿನಿಂದ ಗಂಟೆಗೆ 320 ಕಿಲೋಮೀಟರ್‌ವರೆಗೆ ಓಡುವ ರೈಲಿದೆ. ಆಫ್ರಿಕಾ ಖಂಡದ ಮೊದಲ ಹೈಸ್ಪೀಡ್ ರೈಲು ಅದು. ಆ ಹೊತ್ತಿಗೆ ನಮ್ಮ ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಶಂಕುಸ್ಥಾಪನೆ ಆಗಿತ್ತು, ಅಷ್ಟೇ. ಹಾಗಾದ್ರೆ ಕಾಲ ನಿಂತಿರೋದು ಎಲ್ಲಿ ಸ್ವಾಮಿ?

ಮರಾಕೇಶ್‌ನ, ಫೆಜ್‌ನ ಹಳೇ ಪೇಟೆಯಲ್ಲಿ ಅಂತೀರಿ. ಮದೀನಾ ಅಂತಾರೆ ಅದಕ್ಕೆ. ಸರಿ, ಅದನ್ನೇ ನೋಡೋಣ. 1912ರಲ್ಲಿ ಫೆಜ್ ಒಪ್ಪಂದವಾಗಿ ಮೊರಾಕೊದ ಬಹುಭಾಗ ಫ್ರಾನ್ಸಿನ ಹಿಡಿತಕ್ಕೆ ಹೋಯಿತು. ಮೊದಲ ರೆಸಿಡೆಂಟ್ ಜನರಲ್ ಆಗಿ ಬಂದವನು ಲಿಯೋಟೆ. ಆನ್ರಿ ಪ್ರೋಸ್ಟ್ ಎಂಬ ನಗರ ಯೋಜಕನನ್ನು ಕರೆಸಿಕೊಂಡ. ಇವರ ನೀತಿ ಕೇಳೋಕೆ ಬಹಳ ಸಭ್ಯ: ಹಳೇ ಪೇಟೆಗಳನ್ನು ಕೆಡವಬಾರದು, ಅವುಗಳ ಚೆಲುವನ್ನು ಹಾಗೇ ಉಳಿಸಬೇಕು, ಯುರೋಪಿಯನ್ನರಿಗೆ ಪಕ್ಕದಲ್ಲಿ ಹೊಸ ಪಟ್ಟಣ ಕಟ್ಟಬೇಕು. ಆಗಿದ್ದೇನು? ಅಗಲವಾದ ರಸ್ತೆ, ಮರದ ಸಾಲು, ಒಳ್ಳೆಯ ಮನೆ, ಸರಕಾರದ ದುಡ್ಡು ಎಲ್ಲ ಹೊಸ ಪಟ್ಟಣಕ್ಕೆ. ಬರಗಾಲಕ್ಕೆ ಹಳ್ಳಿ ಬಿಟ್ಟು ಬಂದವರು ಹಳೇ ಪೇಟೆಯಲ್ಲಿ ಒಬ್ಬರ ಮೇಲೊಬ್ಬರು. ಜಾನೆಟ್ ಅಬು-ಲುಘೋದ್ ಎಂಬ ವಿದ್ವಾಂಸೆ 1980ರಲ್ಲಿ ರಾಜಧಾನಿ ರಬಾತ್ ಬಗ್ಗೆ ಒಂದು ಪುಸ್ತಕ ಬರೆದರು. ಈ ಏರ್ಪಾಟನ್ನು ನಗರದ ವರ್ಣಭೇದ ಅಂತ ಅದರ ಹೆಸರಿನಲ್ಲೇ ಕರೆದರು. ಅಂದರೆ ನೀವು ನೋಡಿ ಮೆಚ್ಚಿದ ಆ ನಿಂತ ಕಾಲವನ್ನು ಒಬ್ಬ ಸೈನ್ಯಾಧಿಕಾರಿ ಆಜ್ಞೆ ಹೊರಡಿಸಿ ನಿಲ್ಲಿಸಿದ್ದ. ಇವತ್ತು ಅದೇ ಪೇಟೆಯಲ್ಲಿ ಅಂಗಳದ ಮನೆಗಳನ್ನು ಎಷ್ಟೋ ಕಡೆ ವಿದೇಶಿಯರು ಕೊಂಡು ಅತಿಥಿಗೃಹ ಮಾಡಿಕೊಂಡಿದ್ದಾರೆ. ನೀವು ಉಳಿದುಕೊಂಡ ಆ 'ಅಪ್ಪಟ ಮೊರಾಕೊ ಮನೆ'ಯ ಯಜಮಾನ ಯಾರು ಅಂತ ಕೇಳಿದಿರಾ?

ಇನ್ನು ಮರಳುಗಾಡಿನ ಕಡೆ ಹೋದವರು ಐತ್ ಬೆನ್ ಹದ್ದು ಅನ್ನೋ ಮಣ್ಣಿನ ಕೋಟೆಯ ಮುಂದೆ ನಿಂತು, ಎಲ್ಲೋ ನೋಡಿದ ಹಾಗಿದೆ ಅಂತ ಪುಳಕಗೊಳ್ಳುತ್ತಾರೆ. ನೋಡಿರ್ತೀರಿ ಬಿಡಿ. ಗ್ಲಾಡಿಯೇಟರ್ ಸಿನಿಮಾದಲ್ಲಿ, ಗೇಮ್ ಆಫ್ ಥ್ರೋನ್ಸ್‌ನಲ್ಲಿ ನೋಡಿರ್ತೀರಿ. ದಲಾಯಿ ಲಾಮಾ ಕುರಿತ ಕುಂದುನ್ ಚಿತ್ರಕ್ಕೆ ಮೊರಾಕೊ ಟಿಬೆಟ್ ಆಯಿತು, ಬ್ಲ್ಯಾಕ್ ಹಾಕ್ ಡೌನ್‌ಗೆ ಸೊಮಾಲಿಯಾ ಆಯಿತು. ತಮಾಷೆ ಅಂದ್ರೆ ಕಾಸಾಬ್ಲಾಂಕಾ ಅನ್ನೋ ಹೆಸರಾಂತ ಚಿತ್ರವನ್ನು ತೆಗೆದದ್ದು ಅಮೆರಿಕದ ಸ್ಟುಡಿಯೋದಲ್ಲಿ. ಬೇರೆಯವರ ಊರಾಗಿ ನಟಿಸೋದೇ ಈ ದೇಶದ ಪಾಡು. ನಾವು ವಿಮಾನ ಹತ್ತುವ ಮೊದಲೇ ಆ ಚಿತ್ರ ನಮ್ಮ ತಲೆಯಲ್ಲಿ ಕೂತಿರುತ್ತೆ. ಅಲ್ಲಿ ಹೋಗಿ ಅದಕ್ಕೆ ಹೊಂದುವಂಥದ್ದನ್ನು ಆರಿಸಿ ಫೋಟೊ ತೆಗೀತೀವಿ, ಮೊದಲ ಅನಿಸಿಕೆ ಅಂತ ಹೆಸರಿಡ್ತೀವಿ.

ಇದು ನನಗ್ಯಾಕೆ ಇಷ್ಟು ಚುಚ್ಚುತ್ತೆ ಅಂದ್ರೆ, ನಾನು ಇದರ ಇನ್ನೊಂದು ತುದಿಯಲ್ಲಿ ಬೆಳೆದವನು. ಹೊನ್ನಾವರ ತಾಲ್ಲೂಕಿನಲ್ಲಿ ಶರಾವತಿ ದಂಡೆಯ ಹಳ್ಳಿ ನಮ್ಮದು. ಈಗ ಅಲ್ಲಿ ಹೋಂಸ್ಟೇ ಆಗಿದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದವರು 'ಮುಗ್ಧ ಜನ', 'ಕಾಲ ನಿಂತ ಊರು' ಅಂತ ಬರೆದು ಹೋಗ್ತಾರೆ. ಅಡಿಕೆಗೆ ಕೊಳೆ ಬಂದು ಮದ್ದು ಹೊಡೆಯೋಕೆ ಆಳು ಸಿಗದೆ ಕೂತವನು, ಮೂವತ್ತೈದಾದರೂ ಹೆಣ್ಣು ಸಿಗದ ಹುಡುಗ, ಸೊಸೈಟಿ ಸಾಲದ ನೋಟಿಸು, ಇದ್ಯಾವುದೂ ಅವರ ಫೋಟೊದಲ್ಲಿ ಇಲ್ಲ. ನಮ್ಮಮ್ಮ ಕಡಬು ಬೇಯಿಸುವ ಫೋಟೊ ಮಾತ್ರ ಇದೆ. ಅದನ್ನು ಓದಿ ಉರಿದುಕೊಳ್ಳುವ ನಾವೇ, ಕೈಗೊಂದು ಪಾಸ್‌ಪೋರ್ಟ್ ಸಿಕ್ಕಿದ ತಕ್ಷಣ ಇನ್ನೊಬ್ಬರ ಊರಿನ ಮೇಲೆ ಅದೇ ಬರಹ ಬರೀತೀವಲ್ಲ ಮಾರಾಯ್ರೆ!

ಪದಗಳನ್ನೇ ನೋಡಿ. 'ಬರ್ಬರ್ ಜನ', 'ಬರ್ಬರ್ ಟೆಂಟು' ಅಂತ ಎಲ್ಲರೂ ಬರೀತಾರೆ. ಕನ್ನಡದಲ್ಲಿ ಬರ್ಬರ ಅಂದರೆ ಏನು? ಪತ್ರಿಕೆಯಲ್ಲಿ ಬರ್ಬರ ಹತ್ಯೆ ಅಂತ ದಿನಾ ಓದಲ್ವಾ? ಆ ಜನ ತಮ್ಮನ್ನು ಕರೆದುಕೊಳ್ಳೋದು ಅಮಾಜಿಗ್ ಅಂತ. ಅರಬರು ಬರುವ ಮೊದಲಿನಿಂದ ಅಲ್ಲಿರುವವರು. ಮಗುವಿಗೆ ಅಮಾಜಿಗ್ ಹೆಸರಿಟ್ಟರೆ ನೋಂದಣಿ ಕಚೇರಿಯಲ್ಲಿ ತಕರಾರು ತೆಗೆಯುತ್ತಿದ್ದ ಕಾಲ ಬಹಳ ಹಿಂದಿನದಲ್ಲ. 2003ರಲ್ಲಿ ಅವರ ಭಾಷೆಗೆ ತಿಫಿನಾಗ್ ಎಂಬ ಹಳೆಯ ಲಿಪಿಯನ್ನು ಅಧಿಕೃತವಾಗಿ ಆರಿಸಿದರು. 2011ರ ಸಂವಿಧಾನ ಅರೇಬಿಕ್ ಜೊತೆ ಅಮಾಜಿಗ್ ಅನ್ನೂ ದೇಶದ ಅಧಿಕೃತ ಭಾಷೆ ಅಂತ ಒಪ್ಪಿಕೊಂಡಿತು. ಸರಕಾರಿ ಕಟ್ಟಡಗಳ ಫಲಕಗಳಲ್ಲಿ ಆ ಲಿಪಿ ಕಾಣುತ್ತೆ. ಅದನ್ನು 'ವಿಚಿತ್ರ ಚಿಹ್ನೆಗಳು' ಅಂತ ಬರೆದವರನ್ನು ನಾನು ಓದಿದ್ದೇನೆ. ಫಲಕದಲ್ಲಿ ಕನ್ನಡ ಬೇಕು ಅಂತ ಕೂಗುವ ನಾಡಿನವರು ಮೊದಲು ಗುರುತಿಸಬೇಕಾದದ್ದೇ ಅದನ್ನಲ್ಲವೇ?

ಇನ್ನೊಂದು ಮೆಚ್ಚುಗೆಯ ಮಾತು ಬರುತ್ತೆ: 'ಎಲ್ಲರೂ ಎಷ್ಟು ಚೆನ್ನಾಗಿ ಫ್ರೆಂಚ್ ಮಾತಾಡ್ತಾರೆ!' ನನ್ನ ಟೀಮಿನಲ್ಲಿ ಒಬ್ಬನಿದ್ದ, ಬೆನಿ ಮೆಲಾಲ್ ಕಡೆಯ ಹಳ್ಳಿಯವನು. ಅಮ್ಮನ ಜೊತೆ ಅಮಾಜಿಗ್, ಬೀದಿಯಲ್ಲಿ ದಾರಿಜಾ ಅನ್ನೋ ಆಡು ಅರೇಬಿಕ್, ಶಾಲೆಯ ಪುಸ್ತಕದಲ್ಲಿ ಗ್ರಾಂಥಿಕ ಅರೇಬಿಕ್. ಗಣಿತ, ಭೌತಶಾಸ್ತ್ರ ಎಲ್ಲ ಅರೇಬಿಕ್‌ನಲ್ಲಿ ಕಲಿತು ಎಂಜಿನಿಯರಿಂಗ್‌ಗೆ ಬಂದರೆ ಅಲ್ಲಿ ಪೂರ್ತಿ ಫ್ರೆಂಚ್. ಮೊದಲ ವರ್ಷ ಅರ್ಧ ಕ್ಲಾಸು ಡಿಕ್ಷನರಿಯಲ್ಲೇ ಕಳೆಯಿತು ಅಂದ. ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ವೇಗೋತ್ಕರ್ಷ ಅಂತ ಕಲಿತು ಬಂದು ಪಿಯುಸಿಯಲ್ಲಿ ಆಕ್ಸಿಲರೇಷನ್ ಅನ್ನೋ ಪದದ ಮುಂದೆ ಬೆಪ್ಪಾಗಿ ಕೂತಿದ್ದವನು ನಾನು. ಶ್ರೀಮಂತರ ಮಕ್ಕಳು ಮೊದಲಿನಿಂದಲೂ ಫ್ರೆಂಚ್ ಶಾಲೆಗೇ ಹೋಗುತ್ತಿದ್ದರು. ಕೊನೆಗೆ 2019ರಲ್ಲಿ ಮೊರಾಕೊ ಕಾನೂನು ತಂದು ಶಾಲೆಯಲ್ಲೇ ವಿಜ್ಞಾನವನ್ನು ಪರಭಾಷೆಯಲ್ಲಿ ಕಲಿಸೋಕೆ ದಾರಿ ಮಾಡಿತು. ಅಲ್ಲಿ ಅದರ ಮೇಲೆ ದೊಡ್ಡ ಜಗಳವೇ ಆಯಿತು. ಮಾಧ್ಯಮದ ಜಗಳದಲ್ಲಿ ಬೆಂದ ಕನ್ನಡದ ವಿದ್ಯಾರ್ಥಿಗಿಂತ ಚೆನ್ನಾಗಿ ಇದನ್ನು ಯಾರು ಬರೆಯಬಲ್ಲರು? ಆದರೆ ಅವರು ಬರೆದದ್ದು ಚಹಾವನ್ನು ಎಷ್ಟು ಎತ್ತರದಿಂದ ಸುರಿಯುತ್ತಾರೆ ಅನ್ನೋದನ್ನು.

'ಅಪರಿಚಿತ ದೇಶ' ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಗದ್ದೆ ಇರುವ ಮನೆಯಲ್ಲಿ ಬೆಳೆದಿದ್ದರೆ ಡಿಎಪಿ ಚೀಲ ನೋಡಿರ್ತೀರಿ. ಮೇಲೆ 18:46 ಅಂತ ಇರುತ್ತಲ್ಲ, ಆ 46 ರಂಜಕದ ಲೆಕ್ಕ. ಪ್ರಪಂಚದ ರಂಜಕದ ಶಿಲೆಯ ನಿಕ್ಷೇಪದಲ್ಲಿ ಸುಮಾರು ಶೇ. 70 ಇರೋದು ಮೊರಾಕೊದ ಹಿಡಿತದಲ್ಲಿ. ಖೂರಿಬ್ಗಾ ಅನ್ನೋ ಊರಿನ ಸುತ್ತ ನೂರು ವರ್ಷದಿಂದ ಅಗೆಯುತ್ತಿದ್ದಾರೆ. ಗಣಿ ನಡೆಸುವ ಸರಕಾರಿ ಸಂಸ್ಥೆ ಹುಟ್ಟಿದ್ದು 1920ರಲ್ಲಿ, ಫ್ರೆಂಚರ ಕಾಲದಲ್ಲಿ. ಅಲ್ಲಿಂದ ಕಲ್ಲು, ಆಮ್ಲ, ಗೊಬ್ಬರ ಕೊಳ್ಳುವ ದೊಡ್ಡ ಗಿರಾಕಿ ಭಾರತ. ಅಟ್ಲಾಂಟಿಕ್ ದಡದ ಜೋರ್ಫ್ ಲಸ್ಫರ್‌ನಲ್ಲಿ ಭಾರತದ ಕಂಪನಿಗಳೂ ಪಾಲುದಾರರಾಗಿರುವ ಕಾರ್ಖಾನೆ ಇದೆ. ಅಂದರೆ ನಾವು ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಮೊರಾಕೊ ನಮ್ಮ ಅನ್ನದೊಳಕ್ಕೆ ಬಂದಿದೆ. ಕೆಲವು ಗಣಿಗಳಿರುವ ಪಶ್ಚಿಮ ಸಹಾರಾ ಯಾರದ್ದು ಅನ್ನೋ ಜಗಳ 1975ರಿಂದ ಬಗೆಹರಿದಿಲ್ಲ. 'ಸಹಾರಾದಲ್ಲಿ ಒಂದು ರಾತ್ರಿ' ಅಂತ ಬರೆಯುವವರು ಆ ಹೆಸರಿನ ಹಿಂದಿರುವ ಈ ಜಗಳವನ್ನೂ ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

ಗೊತ್ತು, ನೀವೇನಂತೀರಿ ಅಂತ. ಪ್ರವಾಸದ ಬರಹ ಪಿಎಚ್.ಡಿ. ಅಲ್ಲವಲ್ಲ ಗುರೂ, ಖುಷಿಗೆ ಹೋಗಿದ್ದು, ಕಂಡದ್ದು ಬರೆದದ್ದು. ಸರಿ, ಕಂಡದ್ದನ್ನೇ ಬರೀರಿ. ಓಣಿಯಲ್ಲಿ ಹಿಂದೆ ಬಿದ್ದವರಿಂದ ಹೆದರಿದ ಹುಡುಗಿ ಅದನ್ನು ಬರೆಯಲೇಬೇಕು. ಅದು ಅವಳ ಮೈಮೇಲೆ ಆದ ಸತ್ಯ, ಅದಕ್ಕೆ ಇತಿಹಾಸದ ಸಮಜಾಯಿಷಿ ಕೊಡೋಕೆ ನಾನ್ಯಾರು? ದುಡ್ಡು ಕಿತ್ತ ಹುಡುಗನ ಬಗ್ಗೆಯೂ ಬರೀರಿ, ಮೆಜೆಸ್ಟಿಕ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಆಟೋ ಹಿಡಿದದ್ದನ್ನೂ ನೆನಪಿಟ್ಟುಕೊಂಡು. ಕಂಡದ್ದರಿಂದ ಹಾರಿ 'ಈ ಜನ ಹೀಗೆ', 'ಈ ದೇಶ ಹಾಗೆ' ಅಂತ ತೀರ್ಪು ಕೊಡುವಲ್ಲಿ ನನ್ನ ತಕರಾರು ಶುರುವಾಗುತ್ತೆ. ಓದುವವರಿಗೆ ಮೊರಾಕೊ ಬಗ್ಗೆ ಕನ್ನಡದಲ್ಲಿ ಸಿಗೋದೇ ನಿಮ್ಮ ಆ ಎರಡು ಪುಟ. ಅವರ ಪಾಲಿಗೆ ಆ ದೇಶ ಅಷ್ಟೇ ಆಗಿಬಿಡುತ್ತೆ.

ಇಷ್ಟಕ್ಕೂ ವಿದ್ಯಾರ್ಥಿ ಪ್ರವಾಸಿ ಹೇಗೆ ನೋಡಬಹುದು ಅಂತ ತೋರಿಸಿದವನು ಆ ದೇಶದವನೇ, ಅದೂ ನಮ್ಮೂರನ್ನೇ ನೋಡಿ. ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತಾ 1325ರಲ್ಲಿ ಮನೆ ಬಿಟ್ಟಾಗ 21 ವರ್ಷದವನು. ನ್ಯಾಯಶಾಸ್ತ್ರ ಓದಿಕೊಂಡಿದ್ದ ಹುಡುಗ. ಸುತ್ತಿ ಸುತ್ತಿ ದೆಹಲಿಗೆ ಬಂದ, ಮುಂದೆ ಹೊನ್ನಾವರಕ್ಕೂ ಬಂದ. ಮೊರಾಕೊಗೆ ಮರಳಿದ ಮೇಲೆ ಹೇಳಿ ಬರೆಸಿದ ಪುಸ್ತಕದಲ್ಲಿ ಹೊನ್ನಾವರದ ಬಗ್ಗೆ ಏನಿದೆ ಗೊತ್ತಾ? ಊರಿನಲ್ಲಿ ಹುಡುಗರ ಶಾಲೆ 23, ಹುಡುಗಿಯರ ಶಾಲೆ 13. ಹೆಂಗಸರು ಹೊಲಿಗೆಯಿಲ್ಲದ ಬಟ್ಟೆಯನ್ನು ಹೇಗೆ ಸುತ್ತಿ ಹೊದೆಯುತ್ತಾರೆ. ಅನ್ನ, ತುಪ್ಪ, ಉಪ್ಪಿನಕಾಯಿ ಯಾವ ಕ್ರಮದಲ್ಲಿ ಬಡಿಸುತ್ತಾರೆ, ಮೊಸರು ಬಂದರೆ ಊಟ ಮುಗಿಯಿತು ಅಂತ ತಿಳಿಯಬೇಕು. ಏಳುನೂರು ವರ್ಷವಾದರೂ ನಮ್ಮನೆ ಪಂಕ್ತಿಯಲ್ಲಿ ಇದೇ ಕ್ರಮ. ಅವನೂ ಸಂತನಲ್ಲ. ಮಾಲ್ಡೀವ್ಸ್‌ನಲ್ಲಿ ಹೆಂಗಸರ ಉಡುಪು ನೋಡಿ ಸಿಡಿಮಿಡಿಗೊಂಡು ತಿದ್ದಲು ಹೋದವನೇ. ಆದರೆ ನಮ್ಮೂರಿಗೆ ಬಂದವನು ಶಾಲೆ ಎಣಿಸಿದ. ಅಲ್ಲಿನ ದೊರೆಯ ಜೊತೆ ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಅನ್ನ ತಿಂದುಕೊಂಡಿದ್ದೆ ಅಂತ ಹೇಳಿಕೊಂಡಿದ್ದಾನೆ. ಹನ್ನೊಂದು ತಿಂಗಳು!

ನಿಮಗೆ ಅಷ್ಟು ರಜೆ ಇಲ್ಲ, ಒಪ್ಪಿದೆ. ನಾಲ್ಕು ದಿನದಲ್ಲಿ ಅರ್ಧ ದಿನ ಕೊಡಿ ಸಾಕು. ಹಾವಾಡಿಗರ ಚೌಕ ಬಿಟ್ಟು ಯಾವುದಾದರೂ ಕಾಲೇಜಿನ ಹತ್ತಿರದ ಚಹಾ ಅಂಗಡಿಯಲ್ಲಿ ಕೂತು, ನಿಮ್ಮ ವಯಸ್ಸಿನವರನ್ನೇ ಮಾತಾಡಿಸಿ. ಯಾವ ಭಾಷೆಯಲ್ಲಿ ಪರೀಕ್ಷೆ ಬರೀತೀರಿ, ಓದಿದ್ದಕ್ಕೆ ಕೆಲಸ ಸಿಗುತ್ತಾ, ಊರಿಗೆ ವಾಪಸ್ ಹೋಗ್ತೀರಾ ಅಂತ ಕೇಳಿ. ಆಮೇಲೆ ಯುರೋಪಿಗೆ ಹೋಗೋಕೆ ವೀಸಾ ಸಿಗುತ್ತಾ ಅಂತಲೂ ಕೇಳಿ. ಆಫ್ರಿಕಾ ಮತ್ತು ಸ್ಪೇನ್ ನಡುವಿನ ಜಿಬ್ರಾಲ್ಟರ್ ಜಲಸಂಧಿ ಕಿರಿದಾದ ಜಾಗದಲ್ಲಿ ಬರೀ 14 ಕಿಲೋಮೀಟರ್. ನಿಮ್ಮ ಜೇಬಿನಲ್ಲಿ ಯುರೋಪಿನ ರೆಸಿಡೆನ್ಸ್ ಕಾರ್ಡ್ ಇದೆ, ಅಗ್ಗದ ಟಿಕೆಟ್‌ನಲ್ಲಿ ಅದರ ಮೇಲೆ ಹಾರಿ ಹೋದಿರಿ, ಹಾರಿ ಬಂದಿರಿ. ಅದೇ ನೀರನ್ನು ದೋಣಿಯಲ್ಲಿ ದಾಟಲು ಹೋಗಿ ಎಷ್ಟೋ ಜನ ಮುಳುಗಿ ಸತ್ತಿದ್ದಾರೆ. ಇದನ್ನು ತಿಳಿದುಕೊಂಡು ಬಂದು ಬರೆದರೆ ಹನ್ನೆರಡನೆಯ ಬರಹವನ್ನು ನಾನು ಖಂಡಿತ ಓದುತ್ತೇನೆ. ಒಂಟೆಯ ಫೋಟೊ ಹಾಕಿದ್ದರೂ ಪರವಾಗಿಲ್ಲ.