ಓದದ ಎಚ್ಚರಿಕೆಗೆ ಹೊಣೆ ಯಾರು?

ಕಳೆದ ವರ್ಷ ಪುಣೆಯ ನಮ್ಮ ಕಚೇರಿಯಲ್ಲಿ ಒಂದು ದೋಷ ಗ್ರಾಹಕರ ತನಕ ಹೋಯಿತು. ಮಾಹಿತಿ ಡೇಟಾಬೇಸ್ ಸೇರುವ ಮೊದಲೇ ಪರದೆಯ ಮೇಲೆ ‘ಯಶಸ್ವಿ’ ಎಂದು ಬರುತ್ತಿತ್ತು. ಕೆಲವು ಸಲ ಮಾಹಿತಿ ಸೇರುತ್ತಲೇ ಇರಲಿಲ್ಲ. ಕೋಡ್‌ನಲ್ಲಿ ‘ಅವೈಟ್’ ಎಂಬ ಒಂದೇ ಪದ ಬಿಟ್ಟುಹೋಗಿತ್ತು. ‘ಲಿಂಟರ್ ಹೇಳಿತ್ತಲ್ಲ, ಯಾಕೆ ನೋಡಲಿಲ್ಲ?’ ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದಾಗ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ ತಲೆ ತಗ್ಗಿಸಿದಳು.

ಹೇಳಿದ್ದು ನಿಜ. ಆದರೆ ಸಾವಿರಾರು ಎಚ್ಚರಿಕೆಗಳ ನಡುವೆ, ‘ಸಾಲಿನ ಕೊನೆಯಲ್ಲಿ ಖಾಲಿ ಜಾಗವಿದೆ’ ಎಂಬ ತಕರಾರಿನ ಪಕ್ಕದಲ್ಲಿ, ಅದೇ ಹಳದಿ ಬಣ್ಣದಲ್ಲಿ ಹೇಳಿತ್ತು. ವರದಿಯನ್ನು ಹಾಗೆ ಜೋಡಿಸಿದವನು ನಾನೇ.

ಕೋಡನ್ನು ಓಡಿಸದೆ, ಬರೀ ಓದಿ ತಪ್ಪು ಹುಡುಕುವ ಸಾಧನ ಲಿಂಟರ್. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಮೊದಲನೆಯದನ್ನು ಬರೆದು, ಬಟ್ಟೆಗೆ ಅಂಟುವ ನಾರಿನ ಹೆಸರಿಟ್ಟರು. ಅಂದಿನಿಂದ ನಾವು ಹೊಸ ಹೊಸ ನಿಯಮ ಸೇರಿಸುತ್ತಲೇ ಬಂದಿದ್ದೇವೆ. ಅವು ಯಾರಿಗೆ, ಯಾವಾಗ ಕಾಣಬೇಕು ಎಂದು ಯೋಚಿಸಿದ್ದು ಕಡಿಮೆ.

ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಫೇಸ್‌ಬುಕ್ ಎಂಜಿನಿಯರ್‌ಗಳು 2019ರಲ್ಲಿ ಪ್ರಕಟಿಸಿದ ಅನುಭವವೇ ಸಾಕ್ಷಿ. ಅವರ ‘ಇನ್ಫರ್’ ಸಾಧನ ಕಂಡುಹಿಡಿದ ದೋಷಗಳನ್ನು ಪಟ್ಟಿ ಮಾಡಿ ಹಂಚಿದಾಗ ಸರಿಪಡಿಸಿದವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ವಿಶ್ಲೇಷಣೆಯ ಫಲಿತಾಂಶವನ್ನು, ಹೊಸ ಕೋಡ್ ಪರಿಶೀಲನೆಗೆ ಬಂದ ಹೊತ್ತಿನಲ್ಲಿ ತೋರಿಸಿದಾಗ ಶೇ 70ಕ್ಕೂ ಹೆಚ್ಚು ದೋಷಗಳು ಸರಿಯಾದವು. ಬದಲಾದದ್ದು ಹೇಳುವ ಸಮಯ ಮತ್ತು ಜಾಗ ಮಾತ್ರ.

ನಾವೂ ವರದಿಯನ್ನು ಮೂರಾಗಿ ಒಡೆದೆವು. ಖಾಲಿ ಜಾಗ, ಅಲ್ಪವಿರಾಮದ ತಕರಾರುಗಳನ್ನು ಫಾರ್ಮ್ಯಾಟರ್ ತಾನೇ ಸರಿಪಡಿಸುತ್ತದೆ; ಮನುಷ್ಯರಿಗೆ ತೋರಿಸುವುದೇ ಇಲ್ಲ. ಹಳೆಯ ಎಚ್ಚರಿಕೆಗಳು ಪ್ರತ್ಯೇಕ ಕಡತದಲ್ಲಿ ಸಾಲದ ಖಾತೆಯಂತೆ ಇವೆ. ರೂಬೊಕಾಪ್‌ನಲ್ಲಿ ಈ ಸೌಲಭ್ಯ ಮೊದಲೇ ಇತ್ತು, ಇಎಸ್‌ಲಿಂಟ್‌ಗೆ 2025ರಲ್ಲಿ ಬಂತು. ಹೊಸದಾಗಿ ಬರೆದ ಸಾಲಿನ ದೋಷ ಮಾತ್ರ ಬರೆದವರಿಗೆ ಕಾಣುತ್ತದೆ: ಏನು ತಪ್ಪು, ಬಿಟ್ಟರೆ ಏನಾಗುತ್ತದೆ, ಹೇಗೆ ಸರಿಪಡಿಸಬೇಕು. ಸರಿಪಡಿಸುವವರೆಗೆ ಕೋಡ್ ಮುಂದೆ ಹೋಗದು. ‘ನೋಡಿದರೆ ನೋಡಿ’ ಎನ್ನುವ ಹಳದಿ ಬಣ್ಣವನ್ನು ತೆಗೆದೇಬಿಟ್ಟೆವು.

ಹಳೆಯದನ್ನು ಹೀಗೆ ಬದಿಗಿಟ್ಟರೆ ಮುಚ್ಚಿಟ್ಟಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಖಾತೆಯನ್ನು ಯಾರೂ ತೆರೆಯದಿದ್ದರೆ ಅದೂ ಕಸದ ಬುಟ್ಟಿಯೇ. ಅದಕ್ಕಾಗಿ ಎರಡು ಕಟ್ಟಳೆ: ಆ ಸಂಖ್ಯೆ ಇಳಿಯಬಹುದೇ ಹೊರತು ಏರುವಂತಿಲ್ಲ, ಪ್ರತಿ ತಿಂಗಳು ಒಬ್ಬರು ಅದರ ಹೊಣೆ ಹೊರಬೇಕು. ಆದರೂ, ಎಲ್ಲವನ್ನೂ ಒಟ್ಟಿಗೆ ಕೂಗಿ ಹೇಳುವುದು ಪ್ರಾಮಾಣಿಕತೆ ಎಂದು ನಾನು ಈಗ ನಂಬುವುದಿಲ್ಲ. ಅದು ‘ನಾವು ಹೇಳಿದ್ದೆವು’ ಎಂದು ಕೈತೊಳೆದುಕೊಳ್ಳುವ ದಾರಿ. ಅದರ ಬೆಲೆ ತೆರುವವರು ತಂಡದ ಅತಿ ಕಿರಿಯರು.

ಆ ಘಟನೆಯ ವರದಿಯಲ್ಲಿ ಕಾರಣದ ಜಾಗದಲ್ಲಿ ‘ಡೆವಲಪರ್‌ನ ಅಜಾಗರೂಕತೆ’ ಎಂದಿತ್ತು. ಅದನ್ನು ಹೊಡೆದು ‘ಎಚ್ಚರಿಕೆ ವರದಿಯ ತಪ್ಪು ಜೋಡಣೆ’ ಎಂದು ತಿದ್ದಿ, ಕೆಳಗೆ ನನ್ನ ಹೆಸರು ಬರೆದೆ.