ಉಸಿರೋ, ಗಡಿಯಾರವೋ?

ಬೀದರಿನ ಗಾಂಧಿ ಗಂಜದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಕಬಡ್ಡಿಯಾಡುವ ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆಯೊಂದುಂಟು: ದಾಳಿಯ ಕಾಲವನ್ನು ಅಳೆಯಬೇಕಾದುದು ಆಟಗಾರನ ಉಸಿರೋ, ಗಡಿಯಾರವೋ?

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ಒಂದು ದಾಳಿಗೆ 30 ಸೆಕೆಂಡುಗಳ ಮಿತಿಯಿದೆ. ಸತತ ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ಗಳಿಸಲೇಬೇಕು. ವೃಥಾ ಕಾಲಹರಣವನ್ನು ತಡೆಯುವ ಇಂತಹ ನಿಯಮಗಳು ಒಳ್ಳೆಯವೇ. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗ್ 2023ರಲ್ಲಿ ಚೆಂಡೆಸೆತಕ್ಕೆ ಗಡಿಯಾರವನ್ನಿಟ್ಟಾಗ ಪಂದ್ಯದ ಸರಾಸರಿ ಅವಧಿ ಸುಮಾರು 24 ನಿಮಿಷ ಇಳಿಯಿತು. ಅಲ್ಲಿ ಕಡಿಮೆಯಾದುದು ಆಟವಲ್ಲ, ಎಸೆತಗಳ ನಡುವಣ ವಿಳಂಬ.

ಕಬಡ್ಡಿಗಾದರೋ ಸ್ವಂತ ಗಡಿಯಾರವೊಂದು ಮೊದಲೇ ಇತ್ತು. ಉಸಿರೆಳೆಯದೆ "ಕಬಡ್ಡಿ, ಕಬಡ್ಡಿ" ಎನ್ನುತ್ತಿರುವಾಗ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ. ಮಿದುಳಿನ ಬುಡದಲ್ಲಿರುವ ಶ್ವಾಸಕೇಂದ್ರವು ಇದನ್ನರಿತು ಉಸಿರೆಳೆಯುವಂತೆ ಒತ್ತಾಯಿಸುತ್ತದೆ. ಸ್ನಾಯುಗಳು ದುಡಿದಷ್ಟೂ ಈ ಅನಿಲ ಬೇಗ ಹೆಚ್ಚುತ್ತದೆ. ಎಂದರೆ, ಹೆಚ್ಚು ಜಿಗಿದವನಿಗೆ ಕಾಲ ಕಡಿಮೆ. ಮಿತವರಿತು ಚಲಿಸಿದವನಿಗೆ ಹೆಚ್ಚು. ಸಾಹಸ ಮತ್ತು ಸಂಯಮಗಳನ್ನು ಒಟ್ಟಿಗೆ ತೂಗುವ ಈ ಲೆಕ್ಕವು ಯಂತ್ರಕ್ಕೆ ತಿಳಿಯದು.

ನೀವೇ ಪರೀಕ್ಷಿಸಿ ನೋಡಿ. ನಿಂತಲ್ಲೇ ಒಂದೇ ದಮ್ಮಿಗೆ ಎಷ್ಟು ಸೆಕೆಂಡು "ಕಬಡ್ಡಿ" ಎನ್ನಬಲ್ಲಿರಿ? ಮೈದಾನವನ್ನು ಒಂದು ಸುತ್ತು ಓಡಿ ಬಂದು ಮತ್ತೊಮ್ಮೆ ಎಣಿಸಿ. ವ್ಯತ್ಯಾಸ ತಾನಾಗಿ ತಿಳಿಯುವುದು.

ಗಡಿಯಾರ ಬೇಡವೆಂದು ನಾವು ಹೇಳುವುದಿಲ್ಲ. ಅದು ಎಲ್ಲರಿಗೂ ಸಮಾನವಾದ ಹೊರಮಿತಿ. ಆದರೆ ಸೆಕೆಂಡುಗಳನ್ನೇ ನೆಚ್ಚಿ ದಮ್ಮಿನ ನಿಯಮವನ್ನು ಸಡಿಲಬಿಟ್ಟರೆ ಕಬಡ್ಡಿಯು ಬರಿಯ ಮುಟ್ಟಾಟವಾದೀತು. ತೀರ್ಪುಗಾರನ ಕಣ್ಣು ಗಡಿಯಾರದ ಮೇಲಿರಲಿ. ಕಿವಿ ಮಾತ್ರ ಆಟಗಾರನ ಉಸಿರಿನ ಮೇಲೆಯೇ ಇರಲಿ.